ಗಿಳಿ ಭಾವನ ಇಂಗ್ಲಿಷು

ನನ್ನ ಅಕ್ಕನ ಗಂಡನಿಗೆ ಇಂಗ್ಲಿಷ್ ಕಲಿಸಿದವಳು ನಾನೇ. ಹೆಮ್ಮೆಯಿಂದ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಇಪ್ಪತ್ತೊಂದು ವರ್ಷದಿಂದ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೇನೆ. ಕೊನೆಯ ಬೆಂಚಿನಲ್ಲಿ ನಿದ್ದೆ ಹೊಡೆಯುವವರನ್ನೂ ಹೇಗೋ ದಡ ಮುಟ್ಟಿಸಿದ್ದೇನೆ. ಅವರೆಲ್ಲ ಸೇರಿ ಉರಿಸದಷ್ಟು ನನ್ನ ಹೊಟ್ಟೆಯನ್ನು ಐವತ್ತಮೂರು ವರ್ಷದ ಈ ವಿದ್ಯಾರ್ಥಿ ಒಬ್ಬರೇ ಉರಿಸಿದರು.

ಭಾವ ಲಿಫ್ಟ್ ಮೆಕ್ಯಾನಿಕ್. ಊರಿನ ಹಳೆಯ ಕಟ್ಟಡಗಳ ಇಪ್ಪತ್ತಾರು ಲಿಫ್ಟುಗಳನ್ನು ಅವರೂ ಅವರ ಜೊತೆಗಾರನೂ ನೋಡಿಕೊಳ್ಳುತ್ತಾರೆ. ಜೊತೆಗಾರನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಾರೆ. ಆ ಮನುಷ್ಯ ತಲೆ ತಗ್ಗಿಸದೆ ಒಳಗೆ ಹೋಗಬಹುದಾದ ಮೋಟಾರು ಕೋಣೆ ಈ ಊರಲ್ಲಿ ಒಂದೂ ಇಲ್ಲ. ಭಾವ ಗಿಡ್ಡ, ಮೊಣಕಾಲು ಎರಡೂ ಸವೆದಿವೆ, ಜೇಬಿನಲ್ಲಿ ಸದಾ ಒಂದು ಟೆಸ್ಟರು. ಯಾರ ಮನೆಗೆ ಹೋದರೂ ಮೊದಲು ಲಿಫ್ಟಿನ ಬಾಗಿಲಿಗೆ ಕಿವಿ ಹಚ್ಚಿ ನಿಲ್ಲುತ್ತಾರೆ. "ನಾಲ್ಕನೇ ಮಹಡಿ ಬಾಗಿಲಿನ ಚಕ್ರ ಸವೆದಿದೆ" ಎಂದು ತಮಗೆ ತಾವೇ ಹೇಳಿಕೊಂಡು ಮೆಟ್ಟಿಲು ಹತ್ತುತ್ತಾರೆ. ಅಷ್ಟು ಹೊತ್ತೂ ಅಕ್ಕ ಯಾರದೋ ಹೆಂಡತಿಯ ಹಾಗೆ ನಾಲ್ಕು ಹೆಜ್ಜೆ ದೂರ ನಿಂತಿರುತ್ತಾಳೆ.

ಇವರಿಗೆ ನಮ್ಮ ಮನೆಯಲ್ಲಿ ಗಿಳಿ ಭಾವ ಎಂದು ಹೆಸರು. ಹೇಳಿದ್ದನ್ನು ತಿರುಗಿ ಹೇಳದೆ ಒಂದು ಕಡ್ಡಿಯನ್ನೂ ಎತ್ತಿಡುವ ಜನ ಅಲ್ಲ ಇವರು. "ಕಿಟಕಿ ಮುಚ್ಚಿ" ಎಂದು ಅಕ್ಕ ಹೇಳಿದರೆ, "ಕಿಟಕಿ ಮುಚ್ಚಬೇಕು" ಎನ್ನುತ್ತಾರೆ. ಎಂದು ಸುಮ್ಮನೆ ನಿಲ್ಲುತ್ತಾರೆ. ಅಕ್ಕ "ಹೌದು ರೀ" ಎಂದರೆ ಮಾತ್ರ ಕೈ ಕಿಟಕಿಗೆ ಹೋಗುತ್ತದೆ. ಮದುವೆ ನೋಂದಣಿ ಕಚೇರಿಯಲ್ಲಿ ಅಧಿಕಾರಿ "ಈ ಹುಡುಗಿಯನ್ನು ಮದುವೆಯಾಗಲು ಒಪ್ಪಿಗೆಯೇ?" ಎಂದು ಕೇಳಿದರೆ, ಭಾವ "ಈ ಹುಡುಗಿಯನ್ನು ಮದುವೆಯಾಗಬೇಕು" ಎಂದು ಹೇಳಿ ಅಧಿಕಾರಿಯ ಮುಖವನ್ನೇ ನೋಡುತ್ತಾ ನಿಂತಿದ್ದರು. ಕೊನೆಗೆ ನನ್ನ ಅಕ್ಕನೇ "ಹೌದು" ಎಂದಳು.

ಇದು ಎಲ್ಲಿಂದ ಬಂತು ಎಂದು ಒಮ್ಮೆ ಕೇಳಿದ್ದೆ. ಅವರ ಕೆಲಸದಲ್ಲಿ ಯಾವಾಗಲೂ ಇಬ್ಬರು. ಒಬ್ಬ ಚಾವಣಿಯ ಮೇಲಿನ ಮೋಟಾರು ಕೋಣೆಯಲ್ಲಿ, ಇನ್ನೊಬ್ಬ ನೆಲಮಹಡಿಯ ಮೇನ್ ಸ್ವಿಚ್ಚಿನ ಹತ್ತಿರ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೈಯಲ್ಲಿ ವಾಕಿಟಾಕಿ ಇರುತ್ತದೆ ಅಷ್ಟೆ. ಮೇಲಿನವನು ಹೇಳಬೇಕು, ಕೆಳಗಿನವನು ಅದನ್ನೇ ತಿರುಗಿ ಹೇಳಬೇಕು, ಮೇಲಿನವನು ಹೌದು ಎನ್ನಬೇಕು. ಆಮೇಲೆ ಸ್ವಿಚ್ಚು. ಕೆಲಸಕ್ಕೆ ಸೇರಿದ ಮೊದಲ ವಾರವೇ ಹಿರಿಯ ಮೇಸ್ತ್ರಿ ಇದನ್ನು ಕಲಿಸಿದನಂತೆ. ಭಾವ ವಿವರವಾಗಿ ಹೇಳಿದರು, ನಾನು ಕೇಳಿಸಿಕೊಂಡೆ. ತಲೆಗೆ ಹಾಕಿಕೊಳ್ಳಲಿಲ್ಲ.

ಹೋದ ವರ್ಷ ಅವರ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡಿತು. ಹೊಸಬರು ಬಂದು ಕುರ್ಚಿ ಬದಲಿಸಿದರು, ಸಮವಸ್ತ್ರದ ಬಣ್ಣ ಬದಲಿಸಿದರು, ಕೊನೆಗೆ ಒಂದು ಪರೀಕ್ಷೆ ತಂದರು. ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ, ಸಹಾಯವಾಣಿಯೂ ಇಂಗ್ಲಿಷಿನಲ್ಲಿದೆ, ಆದ್ದರಿಂದ ಲಿಫ್ಟ್ ಮುಟ್ಟುವವರೆಲ್ಲ ಇಂಗ್ಲಿಷ್ ಮಾತಿನ ಪರೀಕ್ಷೆ ಪಾಸು ಮಾಡಬೇಕು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರಬೇಕು. ಮೂವತ್ತು ಪ್ರಶ್ನೆ, ಒಂದೊಂದಕ್ಕೆ ಎಂಟು ಸೆಕೆಂಡು, ಪಾಸಾಗಲು ಇಪ್ಪತ್ತು. ಮೂರು ಸಲ ಅವಕಾಶ. ಮೂರರಲ್ಲೂ ಆಗದಿದ್ದರೆ ಟೆಸ್ಟರು ಕೊಟ್ಟು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂರುವುದು. ಮೂವತ್ತು ವರ್ಷ ಲಿಫ್ಟಿನ ಹೊಟ್ಟೆಯೊಳಗೆ ಬದುಕಿದ ಮನುಷ್ಯ ಬರುವ ಹೋಗುವವರ ಹೆಸರು ಬರೆದುಕೊಳ್ಳುತ್ತಾ ಕೂರಬೇಕು. "ಅದಕ್ಕಿಂತ ಮನೇಲಿ ಗೋಡೆ ನೋಡ್ಕೊಂಡು ಕೂತ್ಕೋತೀನಿ" ಎಂದರು ಭಾವ. ಅವರು ಅಷ್ಟು ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ಮೊದಲ ಸಲ ಮೂವತ್ತಕ್ಕೆ ನಾಲ್ಕು ಬಂತು. ಎರಡನೇ ಸಲ ಐದು. ಉದ್ದಣ್ಣ ಮೊದಲ ಸಲವೇ ಇಪ್ಪತ್ತೆರಡು ತಗೊಂಡು ಪಾಸಾಗಿದ್ದ. ಅವನು ವಯಸ್ಸಿನಲ್ಲಿದ್ದಾಗ ನಾಲ್ಕು ವರ್ಷ ಹಡಗಿನಲ್ಲಿ ಕೆಲಸ ಮಾಡಿದವನು, ಬಾಯಿಗೆ ಬಂದ ಇಂಗ್ಲಿಷ್ ಆಡಿಬಿಡುತ್ತಾನೆ.

ಎರಡನೇ ಸಲ ಫೇಲಾದ ಮೇಲೆ ಅಕ್ಕ ಅವರನ್ನು ನನ್ನ ಮನೆಗೆ ಎಳೆದುಕೊಂಡು ಬಂದಳು. ಅವಳು ಔಷಧಿ ಅಂಗಡಿಯ ಕೌಂಟರಿನಲ್ಲಿ ನಿಲ್ಲುವವಳು, ಗಿರಾಕಿಗೆ ಮಾತ್ರೆ ಎಣಿಸಿ ಕೊಡುವಷ್ಟೇ ಖಡಾಖಂಡಿತವಾಗಿ ಹೇಳಿದಳು: "ಮೂರು ತಿಂಗಳಿದೆ. ಪ್ರತಿ ಭಾನುವಾರ ಕಳಿಸ್ತೀನಿ. ಅದೇನು ಮಾಡ್ತೀಯೋ ಮಾಡು, ಇವರನ್ನ ಪಾಸು ಮಾಡಿಸು."

"ಪ್ರತಿ ಭಾನುವಾರ ಬರಬೇಕು" ಎಂದು ಭಾವ ಹೇಳಿ, ನಮ್ಮಿಬ್ಬರನ್ನೂ ನೋಡುತ್ತಾ ಕಾದರು.

"ಹೌದು!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು.

ಭಾವನಿಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದಲ್ಲ. ವಸ್ತುಗಳ ಹೆಸರೆಲ್ಲ ಬಾಯಲ್ಲೇ ಇತ್ತು. ಕ್ರಿಯಾಪದಗಳೂ ಒಂದೊಂದೇ ಆಗಿ ಬಂದರೆ ಗುರುತು ಹಿಡಿಯುತ್ತಿದ್ದರು. ತೊಂದರೆ ಇದ್ದದ್ದು ಆ ಕ್ರಿಯಾಪದಗಳ ಬಾಲದಲ್ಲಿ. ಅಪ್, ಡೌನ್, ಆನ್, ಆಫ್, ಇನ್, ಔಟ್, ಓವರ್, ವಿತ್ ಎಂಬ ಆ ಚಿಲ್ಲರೆ ಪದಗಳಿವೆಯಲ್ಲ, ಅವು ಒಂಟಿಯಾಗಿದ್ದಾಗ ಸಾಧು ಪ್ರಾಣಿಗಳು. ಕ್ರಿಯಾಪದದ ಪಕ್ಕಕ್ಕೆ ಬಂದು ಕೂತರೆ ಸಾಕು, ಅದರ ಅರ್ಥವನ್ನೇ ಕಿತ್ತು ಬೇರೆ ಕಡೆ ಎಸೆಯುತ್ತವೆ. ಬ್ರೇಕ್ ಎಂದರೆ ಮುರಿಯುವುದು; ಬ್ರೇಕ್ ಡೌನ್ ಎಂದರೆ ಕೆಟ್ಟು ನಿಲ್ಲುವುದು, ಬ್ರೇಕ್ ಇನ್ ಎಂದರೆ ಕಳ್ಳ ನುಗ್ಗುವುದು, ಬ್ರೇಕ್ ಔಟ್ ಎಂದರೆ ಬೆಂಕಿಯೋ ರೋಗವೋ ಹುಟ್ಟಿಕೊಳ್ಳುವುದು. ಮೊದಲ ಭಾನುವಾರ ಇಷ್ಟನ್ನು ಹೇಳುವಷ್ಟರಲ್ಲಿ ಭಾವ ಪೆನ್ಸಿಲು ಕೆಳಗಿಟ್ಟರು.

"ಪುಟ್ ಅಂದ್ರೆ ಇಡೋದು ತಾನೆ?"

"ಹೌದು."

"ಅಪ್ ಅಂದ್ರೆ ಮೇಲೆ. ವಿತ್ ಅಂದ್ರೆ ಜೊತೆ. ಹಾಗಾದ್ರೆ ಪುಟ್ ಅಪ್ ವಿತ್ ಅಂದ್ರೆ ಯಾವುದನ್ನೋ ಯಾವುದರದ್ದೋ ಜೊತೆ ಮೇಲೆ ಇಡೋದು."

"ಏನನ್ನೂ ಎಲ್ಲೂ ಇಡೋದಿಲ್ಲ ಭಾವ. ಅದರ ಅರ್ಥ ಸಹಿಸ್ಕೊಳ್ಳೋದು."

"ಸಹಿಸ್ಕೊಳ್ಳೋದು ಎಲ್ಲಿಂದ ಬಂತು ಇದರೊಳಗೆ?"

"ನಾನು ಈಗ ಮಾಡ್ತಾ ಇದ್ದೀನಲ್ಲ, ಅಲ್ಲಿಂದ!"

ಭಾವ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಮೂರು ತಿಂಗಳಲ್ಲಿ ಇನ್ನೂರು ಇಂಥ ಪದಗಳನ್ನು ಈ ತಲೆಯೊಳಗೆ ತುರುಕುವುದು ಹೇಗೆ ಎಂದು ಲೆಕ್ಕ ಹಾಕುತ್ತಿದ್ದೆ.

ನಮ್ಮ ಭಾಷೆಯಲ್ಲೂ ಇದೇ ಆಟ ಇದೆ ಎಂದು ತೋರಿಸಿದೆ. ಕೈ ಕೊಟ್ಟ ಎಂದರೆ ಮೋಸ ಮಾಡಿದ, ಕೈ ಬಿಟ್ಟ ಎಂದರೆ ನಡುನೀರಲ್ಲಿ ಬಿಟ್ಟ, ಕೈ ಮಾಡಿದ ಎಂದರೆ ಹೊಡೆದ, ಕೈ ಚಾಚಿದ ಎಂದರೆ ಬೇಡಿದ. ಕೈ ಮಾತ್ರ ಅದೇ ಕೈ. ನೋಡು ಎಂಬುದಕ್ಕೆ ಕೊಳ್ಳು ಸೇರಿಸಿ ನೋಡಿಕೊಳ್ಳು ಎಂದರೆ ಕಣ್ಣಿನ ಕೆಲಸ ಹೋಗಿ ಆರೈಕೆಯ ಕೆಲಸ ಬಂತು. ಇಂಗ್ಲಿಷಿನ ಲುಕ್‌ಗೆ ಆಫ್ಟರ್ ಸೇರಿದ ಹಾಗೆಯೇ. "ಓಹೋ, ಹಾಗಿದ್ರೆ ನಮ್ಮೋರೂ ಏನೂ ಕಮ್ಮಿ ಇಲ್ಲ" ಎಂದು ಭಾವ ಪೆನ್ಸಿಲು ಮತ್ತೆ ಎತ್ತಿಕೊಂಡರು.

ಎರಡನೇ ತೊಡಕು ಇಟ್ ಎಂಬ ಎರಡಕ್ಷರದ ಪೀಡೆ. ಸ್ವಿಚ್ ಆರಿಸು ಎನ್ನಲು ಟರ್ನ್ ಆಫ್ ದ ಸ್ವಿಚ್ ಎನ್ನಬಹುದು, ಟರ್ನ್ ದ ಸ್ವಿಚ್ ಆಫ್ ಎಂದೂ ಎನ್ನಬಹುದು. ಸ್ವಿಚ್ಚಿನ ಬದಲು ಇಟ್ ಬಂತೋ, ಅದು ನಡುವೆಯೇ ಕೂರಬೇಕು: ಟರ್ನ್ ಇಟ್ ಆಫ್. ಲುಕ್ ಆಫ್ಟರ್‌ನಲ್ಲಿ ಮಾತ್ರ ಇಟ್ ನಡುವೆ ಬರುವ ಹಾಗಿಲ್ಲ, ಹೊರಗೆ ಕೊನೆಯಲ್ಲೇ ನಿಲ್ಲಬೇಕು. ಯಾಕೆ ಎಂದು ಭಾವ ಕೇಳಿದರು. ಯಾಕೆ ಎಂದು ನನ್ನನ್ನು ಕೇಳಿದ ಮೊದಲ ವಿದ್ಯಾರ್ಥಿ ಅವರು. ನಾನು ವ್ಯಾಕರಣದ ಪುಸ್ತಕದಲ್ಲಿದ್ದದ್ದನ್ನು ಒದರಿದೆ. ಅವರು ತಲೆ ಕೆರೆದುಕೊಂಡು ಮನೆಗೆ ಹೋದರು.

ಮುಂದಿನ ಭಾನುವಾರ ಬಂದವರು ನೋಟುಪುಸ್ತಕ ತೆರೆದು ನನ್ನ ಮುಂದೆ ಇಟ್ಟರು. ಪುಟದ ಮೇಲೆ ಅಡಿಪಟ್ಟಿ ಇಟ್ಟು ಮೂರು ಕಂಬ ಎಳೆದಿದ್ದರು. ಮೊದಲನೆಯದಕ್ಕೆ ಬೋಲ್ಟು, ಎರಡನೆಯದಕ್ಕೆ ವೆಲ್ಡು, ಮೂರನೆಯದಕ್ಕೆ ಏಣಿ ಎಂದು ತಲೆಬರಹ.

"ನೋಡು ಟೀಚರಮ್ಮ" ಎಂದರು. ಅವರು ನನ್ನನ್ನು ಹಾಗೆಯೇ ಕರೆಯುವುದು. "ಟರ್ನ್ ಮತ್ತೆ ಆಫ್, ಇವೆರಡನ್ನೂ ಬೋಲ್ಟು ಹಾಕಿ ಕೂಡಿಸಿದಾರೆ. ಬಿಚ್ಚಬಹುದು, ನಡುವೆ ಒಂದು ವಾಷರು ತೂರಿಸಬಹುದು. ನಿನ್ನ ಇಟ್ ಅನ್ನೋದು ವಾಷರು. ಲುಕ್ ಆಫ್ಟರ್ ವೆಲ್ಡಿಂಗು. ಅದರ ನಡುವೆ ಏನೂ ತೂರಲ್ಲ. ಪುಟ್ ಅಪ್ ವಿತ್ ಅಂತೂ ಎರಡು ಕಡೆ ವೆಲ್ಡಿಂಗು."

"ಮತ್ತೆ ಈ ಏಣಿ?"

"ಗೋ ಅಪ್ ದ ಸ್ಟೇರ್ಸ್ ಅಂತೀವಲ್ಲ. ಅಲ್ಲಿ ಗೋ ತನ್ನ ಪಾಡಿಗೆ ತಾನು ಹೋಗೋದೇ. ಅಪ್ ದ ಸ್ಟೇರ್ಸ್ ಅನ್ನೋದು ಪಕ್ಕದಲ್ಲಿ ಒರಗಿಸಿಟ್ಟ ಏಣಿ. ತೆಗೆದಿಟ್ರೂ ಗೋ ಹಾಗೇ ಇರುತ್ತೆ, ಅರ್ಥ ಕೆಡಲ್ಲ."

ಬಿ.ಎಡ್. ಮಾಡಿ, ಮೂರು ತರಬೇತಿ ಶಿಬಿರಕ್ಕೆ ಹೋಗಿ, ನಾನು ಒಮ್ಮೆಯೂ ಇಷ್ಟು ನೇರವಾಗಿ ಇದನ್ನು ಹೇಳಿಕೊಟ್ಟಿರಲಿಲ್ಲ. ಸೋಮವಾರ ನನ್ನ ತರಗತಿಯಲ್ಲಿ ಬೋಲ್ಟು, ವೆಲ್ಡು, ಏಣಿ ಎಂದು ಬೋರ್ಡಿನ ಮೇಲೆ ಬರೆದೆ. ಯಾರು ಕಂಡುಹಿಡಿದದ್ದು ಎಂದು ಹೇಳಲಿಲ್ಲ, ಅಷ್ಟು ದೊಡ್ಡ ಮನಸ್ಸು ನನ್ನದಲ್ಲ.

ಆರು ವಾರದಲ್ಲಿ ಭಾವನಿಗೆ ಪದಗಳು ಬಂದವು. ಯಾವುದನ್ನು ಕೇಳಿದರೂ ಸರಿಯಾದ ಕಂಬಕ್ಕೆ ಹಾಕುತ್ತಿದ್ದರು. ಹಾಗಿದ್ದ ಮೇಲೆ ನನಗೇನು ಸಂಕಟ ಎನ್ನುತ್ತೀರಾ? ಕಂಪನಿಯವರು ಕೊಟ್ಟಿದ್ದ ಮಾದರಿ ಪರೀಕ್ಷೆಯನ್ನು ಕಂಪ್ಯೂಟರಿನಲ್ಲಿ ಹಾಕಿ, ಅವರ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಪಕ್ಕದಲ್ಲಿ ಕೂತೆ. ಮೊದಲ ಪ್ರಶ್ನೆ: ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತರೆ ಮೊದಲು ಏನನ್ನು ಆರಿಸುತ್ತೀರಿ? ಭಾವ ಆ ಇಡೀ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ, ಒಂದು ತಪ್ಪೂ ಇಲ್ಲದೆ, ತಿರುಗಿ ಹೇಳಿದರು. ಹೇಳಿ ಸುಮ್ಮನಾದರು. ಪರದೆಯ ಮೇಲೆ ಎಂಟು ಸೆಕೆಂಡು ಮುಗಿದು ಕೆಂಪು ಗುರುತು ಬಂತು. ಎರಡನೇ ಪ್ರಶ್ನೆಗೂ ಹಾಗೆಯೇ ಮಾಡಿದರು, ಮೂರನೆಯದಕ್ಕೂ.

"ಯಾಕೆ ಸುಮ್ಮನಿದ್ದೀರಿ?" ಎಂದು ಕಿರುಚಿದೆ.

"ಅವಳು ಹೌದು ಅನ್ನಲಿ ಅಂತ."

"ಯಾರು?"

"ಈ ಪ್ರಶ್ನೆ ಕೇಳ್ತಾಳಲ್ಲ, ಈಯಮ್ಮ."

ಹಣೆ ಹಣೆ ಚಚ್ಚಿಕೊಂಡೆ. ಈ ಮಹಾನುಭಾವರು ಎರಡು ಪರೀಕ್ಷೆಯಲ್ಲಿ, ಅರವತ್ತು ಪ್ರಶ್ನೆಗೆ, ಕಂಪ್ಯೂಟರು ಹೌದು ಎನ್ನಲಿ ಎಂದು ಕಾದು ಕೂತಿದ್ದರು. ಸಿಕ್ಕ ಒಂಬತ್ತು ಅಂಕವೂ ಸೀನು ಬಂದೋ ಕೆಮ್ಮು ಬಂದೋ ತಿರುಗಿ ಹೇಳುವುದು ತಪ್ಪಿದ್ದಕ್ಕೆ ಬಂದಿರಬೇಕು. "ಅದು ರೆಕಾರ್ಡು ಭಾವ! ಅಲ್ಲಿ ಯಾರೂ ಇಲ್ಲ! ನಿಮ್ಮ ಮುದಿ ಮೊಣಕಾಲಿನ ಮೇಲಾಣೆ, ಅದು ಯಾವತ್ತೂ ಹೌದು ಅನ್ನಲ್ಲ!"

"ಅದು ರೆಕಾರ್ಡು" ಎಂದರು ಭಾವ, ಮತ್ತು ನನ್ನ ಮುಖ ನೋಡಿದರು.

ಅಂದಿನಿಂದ ಇಂಗ್ಲಿಷ್ ಪಾಠ ನಿಂತಿತು, ಇನ್ನೊಂದು ಪಾಠ ಶುರುವಾಯಿತು. ಊಟದ ಮೇಜಿನ ಮೇಲೆ ಅಡುಗೆಮನೆಯ ಟೈಮರು, ನನ್ನ ಕೈಯಲ್ಲಿ ಮರದ ಅಡಿಪಟ್ಟಿ. ನಾನು ಪ್ರಶ್ನೆ ಕೇಳುವುದು, ಅವರು ನೇರವಾಗಿ ಉತ್ತರ ಹೇಳಬೇಕು. ಪ್ರಶ್ನೆಯ ಮೊದಲ ಪದ ಅವರ ಬಾಯಿಂದ ಹೊರಟರೆ ಮೇಜಿನ ಮೇಲೆ ಅಡಿಪಟ್ಟಿ ಫಟ್ ಎಂದು ಬೀಳುವುದು. ಮೊದಮೊದಲು ಪ್ರತಿಯೊಂದಕ್ಕೂ ಬಿತ್ತು. ಕೆಳಗಿನ ಮನೆಯವರು ಏನಾದರೂ ರಿಪೇರಿ ನಡೆದಿದೆಯಾ ಎಂದು ಕೇಳಲು ಬಂದರು. ಭಾವ ತುಟಿ ಕಚ್ಚಿಕೊಂಡು, ಕುರ್ಚಿಯ ಅಂಚನ್ನು ಹಿಡಿದುಕೊಂಡು, ಬೆವರುತ್ತಾ ಕೂರುತ್ತಿದ್ದರು. ಒಮ್ಮೆ ಅವರೇ ಹೇಳಿದರು:

"ಟೀಚರಮ್ಮ, ಇದು ನನಗೆ ಕಣ್ಣು ಮುಚ್ಕೊಂಡು ಮೆಟ್ಲು ಇಳಿದ ಹಾಗಾಗುತ್ತೆ."

"ಇಳೀರಿ" ಎಂದೆ. "ಗೇಟಿನ ಹತ್ತಿರ ಕುರ್ಚಿ ಕಾಯ್ತಾ ಇದೆ, ನೆನಪಿರಲಿ."

ಆ ಮಾತು ಅವರಿಗೆ ಎಲ್ಲಿ ನಾಟುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಆಡಿದೆ.

ಹತ್ತನೇ ವಾರದ ಹೊತ್ತಿಗೆ ಅಡಿಪಟ್ಟಿ ಮೂಲೆ ಸೇರಿತು. ಕೇಳಿದ ಕೂಡಲೇ ಉತ್ತರ; ನನ್ನ ಪ್ರಶ್ನೆ ಪೂರ್ತಿ ಮುಗಿಯುವ ಮುಂಚೆಯೇ ಉತ್ತರ. ಅಕ್ಕ ಒಂದು ಸಂಜೆ ಫೋನ್ ಮಾಡಿದಳು. "ನಂಬ್ತೀಯೇನೇ? ಬಟ್ಟೆ ಒಳಗೆ ತನ್ನಿ ಅಂದೆ. ಹೂಂ ಅಂದ್ರು, ತಂದ್ರು. ಅಷ್ಟೇ! ಇಪ್ಪತ್ತೆಂಟು ವರ್ಷದಿಂದ ನನ್ನ ಕೈಲಿ ಆಗದೇ ಇದ್ದದ್ದನ್ನ ಮಾಡಿದೀಯ ಕಣೇ, ನಿನ್ನ ಹೊಟ್ಟೆ ತಣ್ಣಗಿರ್ಲಿ." ಇಬ್ಬರೂ ಎಷ್ಟು ನಕ್ಕೆವೆಂದರೆ ನನ್ನ ಕಣ್ಣಲ್ಲಿ ನೀರು ಬಂತು. ಇನ್ನು ಗಿಳಿ ಭಾವ ಎನ್ನುವ ಹಾಗಿಲ್ಲ, ಬೇರೆ ಹೆಸರು ಹುಡುಕಬೇಕು ಎಂದುಕೊಂಡೆವು.

ಮೂರನೇ ಪರೀಕ್ಷೆಯಲ್ಲಿ ಭಾವನಿಗೆ ಮೂವತ್ತಕ್ಕೆ ಇಪ್ಪತ್ತಾರು ಬಂತು. ಉದ್ದಣ್ಣನಿಗಿಂತ ನಾಲ್ಕು ಹೆಚ್ಚು. ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಮೊದಲು ನನ್ನ ಮನೆಗೆ ಬಂದರು, ಅಕ್ಕನಿಗೂ ತೋರಿಸುವ ಮುಂಚೆ. ನಾನು ಮೆರೆದೆ. ಶಾಲೆಯ ಸ್ಟಾಫ್ ರೂಮಿನಲ್ಲಿ ನಾಲ್ಕು ದಿನ ಅದೇ ಮಾತು.

ಅದಾಗಿ ಮೂರು ವಾರಕ್ಕೆ ಉದ್ದಣ್ಣನ ಕೈಗೆ ಪೆಟ್ಟಾಯಿತು.

ಒಂಬತ್ತು ಮಹಡಿಯ ಕಚೇರಿ ಕಟ್ಟಡ, ಬೆಳಿಗ್ಗೆ ಹನ್ನೊಂದು ಗಂಟೆ. ಉದ್ದಣ್ಣ ಮೇಲಿನ ಕೋಣೆಯಲ್ಲಿ ಹಗ್ಗಗಳನ್ನೂ ಅವು ಹಾಯುವ ರಾಟೆಯನ್ನೂ ಒರೆಸುತ್ತಿದ್ದ. ಭಾವ ಕೆಳಗೆ ಮೇನ್ ಸ್ವಿಚ್ಚಿನ ಹತ್ತಿರ ಇದ್ದರು. ಆ ಲಿಫ್ಟು ಕರೆಂಟು ಬಂದ ಕೂಡಲೇ ತನ್ನ ಪಾಡಿಗೆ ತಾನು ನೆಲಮಹಡಿಗೆ ಇಳಿಯುವಂಥದ್ದು. ಉದ್ದಣ್ಣ ಕೆಲಸ ಮುಗಿಸಿ, ಮೋಟಾರನ್ನು ತಡೆದಿಡುವ ಪಕ್ಕದ ಕೆಂಪು ಗುಂಡಿಯನ್ನು ಬಿಡಿಸಿ, ವಾಕಿಟಾಕಿಯಲ್ಲಿ "ಆಯ್ತು, ಮೇನ್ ಹಾಕು" ಎಂದ. ಭಾವ "ಹೂಂ" ಎಂದರು, ಹಾಕಿದರು. ರಾಟೆ ತಿರುಗಿತು. ಉದ್ದಣ್ಣನ ಬಲಗೈಯ ಎರಡು ಬೆರಳು ಹಗ್ಗಕ್ಕೂ ರಾಟೆಗೂ ನಡುವೆ ಸಿಕ್ಕಿದವು. ಎಡಗೈಯಲ್ಲಿ ಕೆಂಪು ಗುಂಡಿ ಒತ್ತಿದ್ದಕ್ಕೆ ಅಷ್ಟಕ್ಕೇ ನಿಂತಿತು. ಎರಡೂ ಬೆರಳಿನ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಪಟ್ಟಿ ಹಾಕಿ, ಆರು ವಾರ ಕೆಲಸ ಮಾಡುವ ಹಾಗಿಲ್ಲ ಎಂದರು.

ಉದ್ದಣ್ಣ ಕಂಪನಿಗೆ ತನ್ನದೇ ತಪ್ಪು ಎಂದು ಬರೆದುಕೊಟ್ಟ. ಅಕ್ಕ ಫೋನಿನಲ್ಲಿ ಇಷ್ಟನ್ನೂ ಹೇಳಿ, "ಇವರು ಊಟ ಬಿಟ್ಟಿದಾರೆ, ಮಾತೂ ಆಡ್ತಿಲ್ಲ" ಎಂದಳು. ನನಗೆ ಭಾವನ ಮೇಲೆಯೇ ಸಿಟ್ಟು ಬಂತು. ಆತನೇ ತನ್ನ ತಪ್ಪು ಎಂದಿರುವಾಗ ಇವರದೇನು ಗೋಳು? ಆದರೂ ನೋಡಿಕೊಂಡು ಬರೋಣವೆಂದು ಶನಿವಾರ ಉದ್ದಣ್ಣನ ಮನೆಗೆ ಹೋದೆ.

ಆತ ಒಂದು ಕುರ್ಚಿಯಲ್ಲಿ ಕೂತು, ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡಿದ್ದ. ಕಾಲು ಚಾಚಿದರೆ ಎದುರಿನ ಗೋಡೆ ಮುಟ್ಟುವಷ್ಟು ಸಣ್ಣ ಕೋಣೆ. ನಾನು ಹಣ್ಣಿನ ಚೀಲ ಕೊಟ್ಟು, ನೋವು ಹೇಗಿದೆ ಎಂದು ಕೇಳಿ, ಆಮೇಲೆ ಕೇಳಿದೆ: "ಮೇನ್ ಹಾಕು ಅಂತ ನೀವೇ ಹೇಳಿದ್ರಂತೆ. ಹೇಳಿದ ಮೇಲೆ ಕೈ ಯಾಕೆ ಇಟ್ರಿ?"

"ಬಟ್ಟೆ ಮರೆತಿದ್ದೆ ಮೇಡಂ. ಒರೆಸೋ ಬಟ್ಟೆ. ಹೇಳಿ ಮುಗಿಸಿದ ಮೇಲೆ ಕಣ್ಣಿಗೆ ಬಿತ್ತು, ಎಳ್ಕೊಳ್ಳೋಣ ಅಂತ ಕೈ ಹಾಕ್ದೆ."

"ಅವರು ಸ್ವಿಚ್ ಹಾಕ್ತಾರೆ ಅಂತ ಗೊತ್ತಿದ್ದೂ?"

"ಹಾಕೋದಕ್ಕೆ ಇನ್ನೂ ಟೈಮಿತ್ತಲ್ಲ." ಆತ ಆಶ್ಚರ್ಯದಿಂದ ನನ್ನನ್ನು ನೋಡಿದ. "ಅವನು ಮೊದಲು ತಿರುಗಿ ಹೇಳ್ಬೇಕು. ನಾನು ಹೌದು ಅನ್ಬೇಕು. ಅವನು ಹೇಳೋವಾಗ ನಾನು ಸುತ್ತ ಒಂದು ಸಲ ನೋಡ್ಕೊಳ್ಳೋದು. ಕೈ ಎಲ್ಲಿದೆ, ಕಾಲು ಎಲ್ಲಿದೆ, ಸ್ಪ್ಯಾನರು ಎಲ್ಲಿದೆ ಅಂತ. ಏನಾದ್ರೂ ಮರೆತಿದ್ರೆ ತಾಳು ಅಂತೀನಿ, ತಗೊಂಡು ಆಮೇಲೆ ಹೌದು ಅಂತೀನಿ. ನಾಲ್ಕು ಸೆಕೆಂಡು ಸಿಗುತ್ತೆ ಮೇಡಂ. ಇಪ್ಪತ್ತೆರಡು ವರ್ಷ ಆ ನಾಲ್ಕು ಸೆಕೆಂಡಲ್ಲೇ ನಾನು ಬದುಕಿರೋದು."

"ಈಚೆಗೆ ಒಂದೆರಡು ಸಲ ಬಿಟ್ಟುಬಿಟ್ಟ" ಎಂದು ಆತ ಮುಂದುವರಿಸಿದ. "ಏನೋ, ಬಾಯಿಗೆ ಬೀಗ ಹಾಕ್ಕೊಂಡಿದೀಯಾ ಅಂತ ನಾನೇ ಕೇಳ್ದೆ. ನಕ್ಕ. ಇನ್ನು ಮೇಲೆ ಹೇಳ್ತೀನಿ ಅಂದ. ಹೇಳಿದ್ದ ಕೂಡ. ಅವತ್ತು ಏನಾಯ್ತೋ ಗೊತ್ತಿಲ್ಲ."

ಏನಾಯಿತು ಎಂದು ನನಗೆ ಗೊತ್ತಿತ್ತು. ಅಡಿಪಟ್ಟಿ, ಟೈಮರು, ಗೇಟಿನ ಕುರ್ಚಿಯ ಮಾತು, ಎಲ್ಲವನ್ನೂ ಹೇಳಿದೆ. ಆತ ಬೈಯುತ್ತಾನೆ ಎಂದುಕೊಂಡೆ; ಬೈದಿದ್ದರೆ ಹಗುರಾಗುತ್ತಿತ್ತು. ಆತ ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲೆ ಸರಿಯಾಗಿ ಇಟ್ಟುಕೊಂಡ.

"ಆರು ವಾರ ಆದ್ಮೇಲೆ ನಾನು ಅವನ ಜೊತೆಗೇ ಹೋಗೋದು. ಬೇರೆಯವರ ಜೊತೆ ನನಗೆ ಆಗಲ್ಲ" ಎಂದ. "ಆದ್ರೆ ಅವನು ಮೊದಲಿನ ಹಾಗೆ ಆಗ್ಬೇಕು. ಇಲ್ಲಾಂದ್ರೆ ಭಯ ಆಗುತ್ತೆ ಮೇಡಂ. ನಿಜವಾಗ್ಲೂ ಭಯ ಆಗುತ್ತೆ. ನೀವೇ ಅಲ್ವಾ ಕಲಿಸಿದ್ದು, ನೀವೇ ಬಿಡಿಸಿ."

ಮರುದಿನ ಭಾನುವಾರ. ನಾನು ಕರೆಯುವ ಮುಂಚೆಯೇ ಭಾವ ಹತ್ತು ಗಂಟೆಗೆ ಬಂದು ಅದೇ ಕುರ್ಚಿಯಲ್ಲಿ ಕೂತರು. ಗಡ್ಡ ಬಿಟ್ಟಿದ್ದರು. ನಾನು ಏನೋ ಹೇಳಲು ಹೋದೆ. ಕೈ ಅಡ್ಡ ಮಾಡಿದರು. "ಅದೆಲ್ಲ ಬಿಡು ಟೀಚರಮ್ಮ. ನಾನು ದಿನಾ ಕನ್ನಡಿ ಮುಂದೆ ನಿಂತು ತಿರುಗಿ ಹೇಳೋದನ್ನ ಪ್ರಾಕ್ಟೀಸ್ ಮಾಡ್ತಿದೀನಿ. ನೆನಪಿಟ್ಕೊಂಡಿದ್ದಾಗ ಬರುತ್ತೆ. ಮರೆತಿದ್ದಾಗ ಬರಲ್ಲ. ಮೊದಲು ಮರೆತಿದ್ದಾಗ್ಲೂ ಬರ್ತಿತ್ತು."

ಮೇಜಿನ ಮೇಲೆ ಒಂದು ಹಳೆಯ ಸ್ವಿಚ್‌ಬೋರ್ಡು ಇಟ್ಟೆವು. ನಾನು ಒಳಗಿನ ಕೋಣೆಗೆ ಹೋಗಿ, ಕಾಣದ ಹಾಗೆ ಗೋಡೆಯ ಹಿಂದೆ ನಿಂತು ಕೂಗಿದೆ: "ಮೇನ್ ಹಾಕು!"

ಟಕ್ ಎಂದು ಸ್ವಿಚ್ಚಿನ ಸದ್ದು ಕೇಳಿಸಿತು. ಬೇರೇನೂ ಕೇಳಿಸಲಿಲ್ಲ.

"ಭಾವ!"

"ಗೊತ್ತಾಯ್ತು, ಗೊತ್ತಾಯ್ತು. ಇನ್ನೊಂದ್ಸಲ."

"ಮೇನ್ ತೆಗಿ!" ಟಕ್.

ನಾನು ಅಡಿಪಟ್ಟಿ ಹುಡುಕಲಿಲ್ಲ. ಹೇಳಿದ್ದನ್ನು ತಿರುಗಿ ಹೇಳಿ ಎಂದು ಬೇಡಿಕೊಂಡೆ, ಗದರಿಸಿದೆ, ಗೋಡೆಗೆ ಹಣೆ ಆನಿಸಿ ನಿಂತು ಮತ್ತೆ ಕೂಗಿದೆ. ಇಂಗ್ಲಿಷಿನಲ್ಲೂ ಕೂಗಿದೆ, ಟರ್ನ್ ಇಟ್ ಆನ್, ಟರ್ನ್ ಇಟ್ ಆಫ್. ಅದಕ್ಕೆ ಇನ್ನೂ ಬೇಗ ಟಕ್ ಎನ್ನುತ್ತಿತ್ತು. ಮಧ್ಯಾಹ್ನದವರೆಗೆ ನಲವತ್ತು ಸಲ ಕೂಗಿದೆ. ತಿರುಗಿ ಹೇಳಿ, ನನ್ನ ಹೌದಿಗೆ ಕಾದದ್ದು ಒಂಬತ್ತು ಸಲ. ಉಳಿದ ಮೂವತ್ತೊಂದು ಸಲ, ಆ ಗೋಡೆಯ ಹಿಂದೆ ಉದ್ದಣ್ಣ ಇದ್ದಿದ್ದರೆ ಎಂದು ನೆನೆದು ನನ್ನ ಬೆರಳುಗಳನ್ನು ಮುಷ್ಟಿಯೊಳಗೆ ಮಡಚಿಕೊಂಡೆ. ಮೂವತ್ತು ವರ್ಷದ ಅಭ್ಯಾಸವನ್ನು ಮೂರೇ ತಿಂಗಳಲ್ಲಿ ಕಿತ್ತುಹಾಕಿದ್ದೆ, ಎಂಥ ಒಳ್ಳೆಯ ಟೀಚರು ನಾನು.

ಹೊರಗೆ ಬಂದಾಗ ಭಾವ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೆ ಕೂತಿದ್ದರು. ಅವು ತಾವಾಗಿಯೇ ಸ್ವಿಚ್ಚಿಗೆ ಹೋಗದಿರಲಿ ಎಂದು.

"ಇದಕ್ಕೆ ಎಷ್ಟು ಸಲ ಅವಕಾಶ ಕೊಡ್ತಾರೆ ಟೀಚರಮ್ಮ?" ಎಂದು ಕೇಳಿದರು.

ನನಗೆ ಅಳು ಬಂತು. ಕಣ್ಣೊರೆಸಿಕೊಂಡೆ. "ಊಟ ಮಾಡಿ. ಆಮೇಲೆ ಮೊದಲಿಂದ ಮತ್ತೆ ಶುರು ಮಾಡೋಣ" ಎಂದೆ. ಎಂದು, ಅವರ ಬಾಯನ್ನೇ ನೋಡುತ್ತಾ ಕಾದೆ.

"ಹೂಂ" ಎಂದು ಭಾವ ಎದ್ದು ಕೈ ತೊಳೆಯಲು ಹೋದರು.